ವಿಪಿಎನ್ ಆನ್ ಆಗುತ್ತದೆ, ಆದರೆ ಏನೂ ತೆರೆಯುವುದಿಲ್ಲ

ಪ್ರಶ್ನೆ (ಕೊಪ್ಪಳದಿಂದ): ಸರ್, ಗಂಗಾವತಿಯ ಒಂದು ರೈಸ್ ಮಿಲ್ಲಿನ ಲೆಕ್ಕ ನೋಡಿಕೊಳ್ಳುತ್ತೇನೆ. ಮಿಲ್ಲಿನ ಟ್ಯಾಲಿ ಕಂಪ್ಯೂಟರನ್ನು ಕೊಪ್ಪಳದ ಮನೆಯಿಂದಲೇ ಬಳಸಬೇಕು. ಅಲ್ಲಿ ಚಿಕ್ಕ ಲಿನಕ್ಸ್ ಬಾಕ್ಸ್ ಇಟ್ಟು ವೈರ್‌ಗಾರ್ಡ್ ಎಂಬ ವಿಪಿಎನ್ (ದೂರದ ನೆಟ್‌ವರ್ಕಿಗೆ ಇಂಟರ್ನೆಟ್ ಮೂಲಕ ಸೇರಿಸುವ ಖಾಸಗಿ ದಾರಿ) ಹಾಕಿಸಿದ್ದೇವೆ. ನನ್ನ ಲ್ಯಾಪ್‌ಟಾಪಿನಲ್ಲಿ 'ಆಕ್ಟಿವ್' ಅಂತ ಹಸಿರು ಬರುತ್ತದೆ. ಆದರೆ ಆನ್ ಮಾಡಿದ ಕೂಡಲೇ ಇಂಟರ್ನೆಟ್ಟೇ ನಿಲ್ಲುತ್ತದೆ, ಟ್ಯಾಲಿಯೂ ಸಿಗುವುದಿಲ್ಲ. ಕಳಿಸಿದ ಡೇಟಾ ಏರುತ್ತಲೇ ಇದೆ. ಬಂದದ್ದು ಕೆಲವೇ ನೂರು ಬೈಟ್. ಭತ್ತದ ಖರೀದಿ ಜೋರಾಗಿದೆ, ಬಿಲ್ ಬಾಕಿ ಬಿದ್ದಿವೆ. ಎಲ್ಲಿ ನೋಡಲಿ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್): ಮೇಡಂ, ಆ ಹಸಿರನ್ನು ನಂಬಬೇಡಿ. ವೈರ್‌ಗಾರ್ಡ್‌ನಲ್ಲಿ ಆಚೆ ಕಡೆ ಯಾರೂ ಇಲ್ಲದಿದ್ದರೂ ಅದು ಬರುತ್ತದೆ. ನೋಡಬೇಕಾದ್ದು ಬಂದ ಬೈಟ್‌ಗಳನ್ನು. ನಿಮ್ಮದು ಸೊನ್ನೆ ಇಲ್ಲ, ಅದೇ ಒಳ್ಳೆಯ ಸುದ್ದಿ. ಹ್ಯಾಂಡ್‌ಶೇಕ್‌ಗೆ, ಅಂದರೆ ಎರಡೂ ಕಡೆಯವು ಮೊದಲು ಪರಸ್ಪರ ಗುರುತಿಸಿಕೊಳ್ಳುವುದಕ್ಕೆ, ಬರುವ ಉತ್ತರ 92 ಬೈಟ್. ಆಮೇಲೆ 'ನಾನಿದ್ದೇನೆ' ಎಂದು ತಿಳಿಸಲು ಬರುವ ಖಾಲಿ ಕೀಪಲೈವ್ ಪ್ಯಾಕೆಟ್ ಒಂದೊಂದೂ 32 ಬೈಟ್. ನಿಮಗೆ ಬರುತ್ತಿರುವುದು ಇವಷ್ಟೇ ಇರಬೇಕು. ಅಂದರೆ ಕೀ (ಗುರುತಿನ ಸಂಕೇತ) ಸರಿ ಇದೆ, ಪೋರ್ಟ್ (ಪ್ಯಾಕೆಟ್ ಒಳಬರುವ ಬಾಗಿಲಿನ ಸಂಖ್ಯೆ) ಸರಿ ಇದೆ, ಮಿಲ್ಲಿನ ರೌಟರ್ ಒಳಗೆ ಬಿಡುತ್ತಿದೆ. ಅವನ್ನು ಮುಟ್ಟಬೇಡಿ. ತುಂಬಾ ಜನ ಈ ಹಂತದಲ್ಲಿ ಸುಮ್ನೆ ಕೀ ಬದಲಿಸಿ, ಸರಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ.

ಪ್ಯಾಕೆಟ್ ಬಾಕ್ಸ್‌ವರೆಗೆ ಬಂದು ಅಲ್ಲೇ ನಿಲ್ಲುತ್ತಿದೆ. ಮೊದಲು ಬಾಕ್ಸಿನ ವಿಪಿಎನ್ ವಿಳಾಸಕ್ಕೆ, 10.8.0.1 ತರಹದ್ದಕ್ಕೆ, ಪಿಂಗ್ ಮಾಡಿ. ಉತ್ತರ ಬಂದರೆ ಐಪಿ ಫಾರ್ವರ್ಡಿಂಗ್, ಅಂದರೆ ಬಂದ ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸುವ ಸೆಟ್ಟಿಂಗ್, ನೋಡಿಸಿ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 0 ಇರುತ್ತದೆ. 1 ಮಾಡಿ, ರೀಬೂಟ್ ಆದರೂ ಉಳಿಯುವ ಹಾಗೆ ಲಿನಕ್ಸಿನ ಸೆಟ್ಟಿಂಗ್ ಉಳಿಸುವ ಸಿಸ್‌ಸಿಟಿಎಲ್ ಫೈಲಿನಲ್ಲಿ ಬರೆಸಿ. ಜೊತೆಗೆ ನಿಮ್ಮ ಪ್ಯಾಕೆಟ್ಟಿಗೆ ಬಾಕ್ಸಿನದೇ ವಿಳಾಸ ಹಚ್ಚಿ ಕಳಿಸುವ ಮಾಸ್ಕರೇಡ್ ರೂಲ್ ಬೇಕು. ಅದಿಲ್ಲದಿದ್ದರೆ ಟ್ಯಾಲಿ ಕಂಪ್ಯೂಟರ್ ತನ್ನ ಉತ್ತರವನ್ನು ಬಾಕ್ಸಿಗೆ ಕೊಡದೆ ರೌಟರಿಗೆ ಕೊಡುತ್ತದೆ, ಅದು ನಿಮ್ಮನ್ನು ಮುಟ್ಟುವುದಿಲ್ಲ.

ಕೇಳಿದವರು: ಫಾರ್ವರ್ಡಿಂಗ್ 0 ಇತ್ತು ಸರ್. ಎರಡೂ ಮಾಡಿಸಿದೆ, ಇಂಟರ್ನೆಟ್ ಬಂತು! ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ಟ್ಯಾಲಿ ಕಂಪ್ಯೂಟರ್, 192.168.1.10, ಸಿಗುತ್ತದೆ. ಮನೆ ವೈಫೈಯಲ್ಲಿ ಮಾತ್ರ ಇಲ್ಲ.

ಉತ್ತರ: ಮನೆಯ ರೌಟರ್ ಕೂಡ 192.168.1 ಸಾಲಿನ ವಿಳಾಸವನ್ನೇ ಕೊಡುತ್ತಿರುತ್ತದೆ, ನೋಡಿ. ಹಾಗಾಗಿ ಲ್ಯಾಪ್‌ಟಾಪ್ 192.168.1.10 ಅನ್ನು ಮನೆಯೊಳಗೇ ಹುಡುಕುತ್ತದೆ. ಟನಲ್ಲಿಗೆ, ಅಂದರೆ ವಿಪಿಎನ್ ದಾರಿಗೆ, ಹಾಕುವುದೇ ಇಲ್ಲ. ಇವತ್ತು ಕೆಲಸ ನಡೆಯಬೇಕಲ್ವಾ, ಮನೆಯ ರೌಟರನ್ನು 192.168.57 ಸಾಲಿಗೆ ಬದಲಿಸಿ. ಆದರೆ ನಾಳೆ ಮಾಲೀಕರು ತಮ್ಮ ಮನೆಯಿಂದ ಸೇರಿದಾಗಲೂ ಇದೇ ತೊಂದರೆ ಬರಬಹುದು. ಖರೀದಿ ಮುಗಿದ ಮೇಲೆ ಮಿಲ್ಲಿನ ಸಾಲನ್ನೇ ಬೇರೆ ಮಾಡಿಸಿ. ಪ್ರಿಂಟರ್, ಕ್ಯಾಮೆರಾಗಳಿಗೆ ಕೈಯಾರೆ ಕೊಟ್ಟ ವಿಳಾಸಗಳಿದ್ದರೆ ಅವನ್ನೂ ಬದಲಿಸಬೇಕು. ಅದಕ್ಕೇ ಈಗ ಬೇಡ ಅಂದೆ.

ಇನ್ನೊಬ್ಬರು (ಸಿಂಧನೂರಿನಿಂದ): ನಮ್ಮ ಗೋದಾಮಿನ ವೈರ್‌ಗಾರ್ಡ್‌ನಲ್ಲಿ ಬಂದದ್ದು ಸೊನ್ನೆಯೇ ಸರ್. ಕಳಿಸಿದ್ದು 148, 296, 444 ಹೀಗೆ ಏರುತ್ತದೆ.

ಉತ್ತರ: ನಿಮ್ಮದು ಬೇರೆ ಕಥೆ. 148 ಬೈಟ್ ಅಂದರೆ ಒಂದು ಹ್ಯಾಂಡ್‌ಶೇಕ್ ಕೋರಿಕೆ. ಮತ್ತೆ ಮತ್ತೆ ಕೇಳುತ್ತಿದೆ, ಉತ್ತರವಿಲ್ಲ. ಗೋದಾಮಿನ ರೌಟರಿನ ವ್ಯಾನ್ ವಿಳಾಸ, ಅಂದರೆ ಇಂಟರ್ನೆಟ್ ಕಡೆಯ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಇಂಟರ್ನೆಟ್ ಕಂಪನಿ ನಿಮ್ಮನ್ನು ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಪಬ್ಲಿಕ್ ವಿಳಾಸ ಹಂಚುವ ವ್ಯವಸ್ಥೆ) ಹಿಂದೆ ಇಟ್ಟಿದೆ. ಆಗ ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಕಂಪ್ಯೂಟರಿಗೆ ದಾಟಿಸುವುದು) ಎಷ್ಟು ಮಾಡಿದರೂ ಫಲವಿಲ್ಲ, ಅದಕ್ಕೆ ಯಾರಿಗೂ ಹಣ ಕೊಡಬೇಡಿ. ಇಂಟರ್ನೆಟ್‌ನಿಂದ ನೇರವಾಗಿ ಮುಟ್ಟಬಹುದಾದ ಪಬ್ಲಿಕ್ ಐಪಿ ಕೇಳಿ. ಕೊಡದಿದ್ದರೆ ಚಿಕ್ಕ ಕ್ಲೌಡ್ ಸರ್ವರ್ ಬಾಡಿಗೆಗೆ ತೆಗೆದುಕೊಂಡು ಎರಡೂ ಕಡೆಯಿಂದ ಅದಕ್ಕೆ ಸೇರಿಸಿ. ಗೋದಾಮಿನ ಕಡೆ ಪರ್ಸಿಸ್ಟೆಂಟ್ ಕೀಪಲೈವ್ 25 ಇಡಿ, ಪ್ರತಿ 25 ಸೆಕೆಂಡಿಗೆ ಒಂದು ಕೀಪಲೈವ್ ಹೋಗಿ ದಾರಿ ತೆರೆದಿರುತ್ತದೆ. ವ್ಯಾನ್ ವಿಳಾಸ ಪಬ್ಲಿಕ್ ಇದ್ದರೆ, 51820 ಪೋರ್ಟನ್ನು ಟಿಸಿಪಿಗೆ ತೆರೆದಿದ್ದಾರಾ ನೋಡಿ. ಟಿಸಿಪಿ, ಯುಡಿಪಿ ಎಂಬುವು ಡೇಟಾ ಸಾಗಿಸುವ ಎರಡು ಬೇರೆ ವಿಧಾನ, ವೈರ್‌ಗಾರ್ಡ್‌ಗೆ ಬೇಕಾದ್ದು ಯುಡಿಪಿ. ಅದೂ ಸರಿ ಇದ್ದರೆ ಮಾತ್ರ ಕೀಗಳನ್ನು ನೋಡಿ.