ಕಾರ್ಖಾನೆಯಲ್ಲಿ ಕಾರ್ಮಿಕ ಪ್ರಾತಿನಿಧ್ಯ: ಮಂಡಳಿಯ ಸ್ಥಾನಗಳಿಂದ ನಿಜವಾಗಿ ಏನು ದಕ್ಕುತ್ತದೆ?

ಪ್ರಶ್ನೆ

ಉತ್ಪಾದನಾ ಕಂಪನಿಗಳಲ್ಲಿ ಕಾರ್ಮಿಕರಿಗೆ ಪ್ರಾತಿನಿಧ್ಯ ಕೊಡುವ ಬಗೆ ದೇಶದಿಂದ ದೇಶಕ್ಕೆ ಬೇರೆಯಾಗಿರುವುದನ್ನು ಓದುತ್ತಿದ್ದೇನೆ. ಜರ್ಮನಿಯ 1976ರ ಕಾಯ್ದೆಯ ಪ್ರಕಾರ, 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ (ಆಡಳಿತ ನಡೆಸುವವರ ಮೇಲೆ ಕಣ್ಣಿಡುವ ಮಂಡಳಿ) ಅರ್ಧದಷ್ಟು ಸ್ಥಾನಗಳು ನೌಕರರ ಪ್ರತಿನಿಧಿಗಳಿಗೆ ಸಲ್ಲುತ್ತವೆ. ಸ್ವೀಡನ್, ಜಪಾನ್, ಅಮೆರಿಕಗಳಲ್ಲಿ ಇಂಥ ಅರ್ಧ ಪಾಲು ಇಲ್ಲ. ಮಂಡಳಿಯಲ್ಲಿ ಅರ್ಧ ಪಾಲು ದೊರೆತರೆ ಪಾಳಿ, ಓವರ್‌ಟೈಮ್, ವಜಾ ಮುಂತಾದ ವಿಷಯಗಳಲ್ಲಿಯೂ ಕಾರ್ಮಿಕರ ಮಾತು ತಾನಾಗಿಯೇ ನಡೆಯುತ್ತದೆ ಎಂದು ನಾನು ಭಾವಿಸಿದ್ದೇನೆ. ಈ ತಿಳಿವಳಿಕೆ ಸರಿಯೇ?

ಉತ್ತರ 1

ಸರಿಯಲ್ಲ ಎಂದೇ ಹೇಳಬೇಕಾಗುತ್ತದೆ. ನೀವು ಹೇಳಿದ ಅರ್ಧ ಪಾಲು ಲೆಕ್ಕದಲ್ಲಿ ಅರ್ಧವಾದರೂ ಅಧಿಕಾರದಲ್ಲಿ ಅರ್ಧವಲ್ಲ. ಮತಗಳು ಸಮವಾದಾಗ ಎರಡನೆಯ ಮತ ಚಲಾಯಿಸುವ ಹಕ್ಕು ಅಧ್ಯಕ್ಷರಿಗಿದೆ; ಅಧ್ಯಕ್ಷರ ಆಯ್ಕೆಯಲ್ಲಿ ಮೂರನೇ ಎರಡರಷ್ಟು ಬಹುಮತ ಬಾರದಿದ್ದರೆ ಅವರನ್ನು ಆರಿಸುವವರು ಷೇರುದಾರರ ಕಡೆಯ ಸದಸ್ಯರು. ಸಾಲದೆಂಬಂತೆ ನೌಕರರ ಕಡೆಯ ಒಂದು ಸ್ಥಾನ ಹಿರಿಯ ಅಧಿಕಾರಿ ವರ್ಗಕ್ಕೆ ಹೋಗುತ್ತದೆ. ನಿಜವಾದ ಸಮಬಲಕ್ಕೆ ಹತ್ತಿರವಾದದ್ದು ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮಗಳಿಗಾಗಿ ಬಂದ 1951ರ ಕಾಯ್ದೆ. ಅಲ್ಲಿ ಎರಡೂ ಪಕ್ಷಗಳ ನಡುವೆ ಒಬ್ಬ ತಟಸ್ಥ ಸದಸ್ಯರಿರುತ್ತಾರೆ, ಮತ್ತು ಕಾರ್ಮಿಕ ವ್ಯವಹಾರಗಳ ನಿರ್ದೇಶಕರನ್ನು ನೌಕರ ಪ್ರತಿನಿಧಿಗಳ ಬಹುಮತಕ್ಕೆ ವಿರುದ್ಧವಾಗಿ ನೇಮಿಸುವಂತಿಲ್ಲ.

ನೀವು ಕೇಳಿದ ಪಾಳಿ, ಓವರ್‌ಟೈಮ್‌ಗಳ ವಿಷಯ ಈ ಮೇಲ್ವಿಚಾರಣಾ ಮಂಡಳಿಯ ಮುಂದೆ ಬರುವುದೇ ಅಪರೂಪ. ಅವು ತೀರ್ಮಾನವಾಗುವುದು ಕಾರ್ಖಾನೆ ಮಟ್ಟದ ಕಾರ್ಮಿಕ ಮಂಡಳಿಯಲ್ಲಿ, ಮತ್ತು ಅದು ಬೇರೆಯದೇ ಕಾಯ್ದೆಗೆ ಒಳಪಟ್ಟ ಸಂಸ್ಥೆ. ಐದು ಕಾಯಂ ನೌಕರರಿರುವ ಘಟಕದಲ್ಲಿಯೂ ಅದನ್ನು ಚುನಾಯಿಸಿಕೊಳ್ಳಬಹುದು, ಆದರೆ ನೌಕರರು ಮುಂದಾಗಬೇಕು. ಕಾನೂನು ತಾನಾಗಿ ಅದನ್ನು ರಚಿಸಿಕೊಡುವುದಿಲ್ಲ. ದಿನದ ಕೆಲಸ ಆರಂಭವಾಗುವ ಮತ್ತು ಮುಗಿಯುವ ಹೊತ್ತು, ತಾತ್ಕಾಲಿಕ ಓವರ್‌ಟೈಮ್, ಪೀಸ್‌ ರೇಟ್ (ಮಾಡಿದ ಕೆಲಸದ ಪ್ರಮಾಣಕ್ಕೆ ತಕ್ಕ ಕೂಲಿ), ಕಾರ್ಮಿಕರ ಮೇಲೆ ನಿಗಾ ಇಡಬಲ್ಲ ಯಂತ್ರೋಪಕರಣಗಳ ಅಳವಡಿಕೆ, ಇವನ್ನೆಲ್ಲ ಆಡಳಿತ ವರ್ಗವು ಈ ಮಂಡಳಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಒಪ್ಪಂದವಾಗದಿದ್ದರೆ ಎರಡೂ ಕಡೆಯ ಸಮಸಂಖ್ಯೆಯ ಸದಸ್ಯರು ಹಾಗೂ ಒಬ್ಬ ತಟಸ್ಥ ಅಧ್ಯಕ್ಷರಿರುವ ಸಮಿತಿಯ ತೀರ್ಮಾನವೇ ಅಂತಿಮ. ಮಂಡಳಿಯ ಅಭಿಪ್ರಾಯ ಕೇಳದೆ ಮಾಡಿದ ವಜಾ ಊರ್ಜಿತವಾಗುವುದಿಲ್ಲ. ಇನ್ನೂರು ನೌಕರರಿದ್ದಲ್ಲಿ ಕನಿಷ್ಠ ಒಬ್ಬ ಸದಸ್ಯರನ್ನು ಸಂಬಳ ಸಹಿತವಾಗಿ ಪೂರ್ತಿ ಇದೇ ಕೆಲಸಕ್ಕೆ ಬಿಡುಗಡೆ ಮಾಡಬೇಕೆಂಬ ನಿಯಮವನ್ನು ಯಾರೂ ಹೆಚ್ಚು ಚರ್ಚಿಸುವುದಿಲ್ಲ. ಲೆಕ್ಕಪತ್ರ ಓದಲು ಸಮಯವೇ ಇಲ್ಲದ ಪ್ರತಿನಿಧಿ ಎಷ್ಟು ಹಕ್ಕಿದ್ದರೂ ಏನು ಮಾಡಿಯಾನು? ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಜೀವಾಳ ಅದೇ.

ಉತ್ತರ 2

ಮೇಲಿನ ಉತ್ತರದಲ್ಲಿ ಒಂದು ಮುಖ್ಯ ಮಿತಿ ಬಿಟ್ಟುಹೋಗಿದೆ. ಜರ್ಮನಿಯ ಕಾರ್ಮಿಕ ಮಂಡಳಿಗೆ ಮುಷ್ಕರ ಹೂಡುವ ಹಕ್ಕಿಲ್ಲ, ಮತ್ತು ಕಾರ್ಮಿಕ ಸಂಘಗಳ ಸಾಮೂಹಿಕ ಒಪ್ಪಂದದಲ್ಲಿ ನಿಗದಿಯಾಗುವ ವೇತನದ ಬಗ್ಗೆ ಅದು ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಆ ಕೆಲಸಕ್ಕೆ ಲೋಹೋದ್ಯಮ ಕಾರ್ಮಿಕರ ಐಜಿ ಮೆಟಾಲ್‌ನಂಥ ಸಂಘ ಹೊರಗೆ ಗಟ್ಟಿಯಾಗಿ ನಿಂತಿರುವುದರಿಂದಲೇ ಒಳಗಿನ ಮಂಡಳಿಯ ಮಾತಿಗೆ ತೂಕ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಸ್ವೀಡನ್ನಿನಲ್ಲಿ ಎರಡು ಸಂಸ್ಥೆಗಳ ಗೋಜೇ ಇಲ್ಲ. ಸ್ಥಳೀಯ ಸಂಘವೇ ಎಲ್ಲವನ್ನೂ ನಿರ್ವಹಿಸುತ್ತದೆ. ಸಾಮಾನ್ಯವಾಗಿ 25 ನೌಕರರಿರುವ ಕಂಪನಿಯ ಆಡಳಿತ ಮಂಡಳಿಗೆ ಇಬ್ಬರನ್ನು ನೇಮಿಸುವುದೂ ಸಂಘವೇ. ಅಲ್ಲಿನ 1976ರ ಸಹನಿರ್ಣಯ ಕಾಯ್ದೆಯ ಪ್ರಕಾರ, ಮಹತ್ವದ ಬದಲಾವಣೆಗೆ ಮುನ್ನ ಮಾಲೀಕರು ತಾವಾಗಿಯೇ ಸಂಘವನ್ನು ಮಾತುಕತೆಗೆ ಕರೆಯಬೇಕು. ಮಾತುಕತೆ ಮುರಿದರೆ ಕೊನೆಯ ತೀರ್ಮಾನ ಮಾಲೀಕರದೇ, ಆದರೆ ಸಂಘದ ಸದಸ್ಯತ್ವ ವ್ಯಾಪಕವಾಗಿರುವ ಕಡೆ ಹಾಗೆ ಮುರಿದು ಹೋಗಲು ಯಾರಿಗೂ ಸುಲಭವಾಗಿ ಧೈರ್ಯ ಬರುವುದಿಲ್ಲ.

ಅಮೆರಿಕದ ಸ್ಥಿತಿ ಇದಕ್ಕೆ ತದ್ವಿರುದ್ಧ. 1935ರ ಕಾಯ್ದೆಯಂತೆ ಒಂದು ಘಟಕದ ಬಹುಮತ ಗಳಿಸಿದ ಸಂಘವೇ ಅಲ್ಲಿನ ಎಲ್ಲರ ಏಕೈಕ ಪ್ರತಿನಿಧಿ. ಬಹುಮತ ಬಾರದಿದ್ದರೆ ಸಂಘಕ್ಕೆ ಆ ಸ್ಥಾನವಿಲ್ಲ. ಮಾಲೀಕರೇ ಪೋಷಿಸುವ ಕೈಗೊಂಬೆ ಸಂಘಗಳನ್ನು ತಡೆಯಲು ಅದೇ ಕಾಯ್ದೆಯಲ್ಲಿ ಹಾಕಿದ ನಿಷೇಧದಿಂದಾಗಿ, ಸಂಘವಿಲ್ಲದೆ ಜರ್ಮನಿಯ ಮಾದರಿಯ ಮಂಡಳಿಯನ್ನು ರಚಿಸುವುದೂ ಅಲ್ಲಿ ಕಷ್ಟ. ಟೆನೆಸೀ ರಾಜ್ಯದ ಚಾಟನೂಗಾದಲ್ಲಿರುವ ಫೋಕ್ಸ್‌ವ್ಯಾಗನ್ ಕಾರು ಕಾರ್ಖಾನೆಯಲ್ಲಿ 2014ರಲ್ಲಿ ಈ ತೊಡಕು ಎದುರಾಯಿತು. ಅಂಥ ಮಂಡಳಿಗೆ ಕಂಪನಿಯ ವಿರೋಧವಿರಲಿಲ್ಲ. ಆದರೂ ಕಾರ್ಮಿಕರು 712–626 ಮತಗಳಿಂದ ಸಂಘವನ್ನು ತಿರಸ್ಕರಿಸಿದಾಗ ಮಂಡಳಿಯ ಮಾತೂ ಅಲ್ಲಿಗೇ ನಿಂತಿತು. ಸಂಘ ಗೆದ್ದದ್ದು 2024ರಲ್ಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಕಾಯಂ ಅಲ್ಲದ ಕಾರ್ಮಿಕರ ಗತಿಯೇನು? ಈ ಮಾದರಿಗಳಲ್ಲಿ ಅವರನ್ನು ಯಾರು ಪ್ರತಿನಿಧಿಸುತ್ತಾರೆ?

ಉತ್ತರ 3

ಎಲ್ಲ ಮಾದರಿಗಳೂ ಸೊರಗುವುದು ಇಲ್ಲಿಯೇ. ಜಪಾನಿನಲ್ಲಿ ಕಂಪನಿಗೊಂದರಂತೆ ಇರುವ ಸಂಘಗಳು ಕಚೇರಿಯವರನ್ನೂ ಯಂತ್ರದ ಮುಂದೆ ನಿಲ್ಲುವವರನ್ನೂ ಒಂದೇ ಸಂಘದಡಿ ತಂದವು. 1955ರಲ್ಲಿ ಆರಂಭವಾದ ವಸಂತಕಾಲದ ಸಂಯುಕ್ತ ವೇತನ ಹೋರಾಟ, ಒಂಟಿ ಸಂಘಗಳ ದೌರ್ಬಲ್ಯವನ್ನು ಸ್ವಲ್ಪ ಮಟ್ಟಿಗೆ ನೀಗಿಸಿತು. ಆದರೆ ಸದಸ್ಯತ್ವ ಬಹುತೇಕ ಕಾಯಂ ನೌಕರರಿಗೇ ಸೀಮಿತವಾಗಿದ್ದುದರಿಂದ, ಅವರ ಉದ್ಯೋಗ ಭದ್ರತೆಯ ಬೆಲೆಯನ್ನು ಒಂದು ಅರ್ಥದಲ್ಲಿ ತಾತ್ಕಾಲಿಕ ಕಾರ್ಮಿಕರು ತೆತ್ತರು. ಬೇಡಿಕೆ ಕುಸಿದಾಗ ಮೊದಲು ಹೊರಬೀಳುವವರು ಇವರೇ.

ಜರ್ಮನಿಯ ಕಾನೂನು ಈ ವಿಷಯದಲ್ಲಿ ಅರ್ಧ ಬಾಗಿಲು ತೆರೆದಿದೆ. ಏಜೆನ್ಸಿಯ ಮೂಲಕ ಬಂದವರನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ಕಾರ್ಖಾನೆಯಲ್ಲಿ ನಿಯೋಜಿಸಿದ್ದರೆ, ಆ ಕಾರ್ಖಾನೆಯ ಮಂಡಳಿಯ ಚುನಾವಣೆಯಲ್ಲಿ ಅವರು ಮತ ಹಾಕಬಹುದು, ಆದರೆ ಅಲ್ಲಿ ಅಭ್ಯರ್ಥಿಯಾಗುವಂತಿಲ್ಲ. ಒಂದು ಕೆಲಸವನ್ನೇ ಒಟ್ಟಾಗಿ ಹೊರಗುತ್ತಿಗೆಗೆ ಕೊಟ್ಟಿದ್ದರೆ, ಗುತ್ತಿಗೆದಾರರ ಅಧೀನದಲ್ಲಿ ಅದೇ ಆವರಣದೊಳಗೆ ದುಡಿಯುವವರಿಗೆ ಆ ಮತವೂ ಇಲ್ಲ. ಅವರು ತಮ್ಮ ಗುತ್ತಿಗೆದಾರರ ಸಂಸ್ಥೆಯಲ್ಲಿಯೇ ಮಂಡಳಿಯನ್ನು ಕಟ್ಟಿಕೊಳ್ಳಬೇಕು. ಆದ್ದರಿಂದ ಯಾವುದೇ ಮಾದರಿಯನ್ನು ಹೋಲಿಸುವಾಗ, ಮಂಡಳಿಯಲ್ಲಿ ಎಷ್ಟು ಸ್ಥಾನಗಳಿವೆ ಎಂಬುದಕ್ಕಿಂತ ಮೊದಲು ಮತದಾರರ ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದನ್ನು ನೋಡುವಂತೆ ನಾನು ಸೂಚಿಸುತ್ತೇನೆ.