ಕ್ಯಾಷ್ ಕಡಿಮೆ ಬಂತು ಅಂತ ತಮ್ಮನನ್ನು ವಿಚಾರಣೆ ಇಲ್ಲದೆ ವಜಾ ಮಾಡಿದ್ದಾರೆ, ಅನುಭವ ಇರುವವರು ಹೇಳಿ

ನಮಸ್ಕಾರ. ನನ್ನ ತಮ್ಮ ಒಂದು ಬ್ಯಾಂಕಿನಲ್ಲಿ ಕ್ಯಾಷಿಯರ್, ಒಂಬತ್ತು ವರ್ಷದ ಸರ್ವಿಸ್. ಒಂದು ಸಂಜೆ ಲೆಕ್ಕ ಮುಗಿಸುವಾಗ ಸರಿಯಾಗಿ 4 ಲಕ್ಷ ಕಡಿಮೆ ಬಂದಿದೆ. ರಾತ್ರಿ ಹತ್ತರವರೆಗೆ ಅಲ್ಲೇ ಕೂರಿಸಿಕೊಂಡು "ದುಡ್ಡು ಕಟ್ಟು, ಒಂದು ಪತ್ರ ಬರೆದುಕೊಡು, ಇಲ್ಲಿಗೇ ಮುಗಿಸೋಣ" ಅಂದರಂತೆ. ಅಪ್ಪ ಅಮ್ಮನ ಒಡವೆ ಅಡವಿಟ್ಟು ದುಡ್ಡು ಕಟ್ಟಿದರು. ತಮ್ಮ "ನನ್ನಿಂದಲೇ ಆದ ತಪ್ಪು" ಅಂತ ಬರೆದುಕೊಟ್ಟ. ಮರುವಾರ ಸಸ್ಪೆಂಡ್. ಮೊನ್ನೆ ವಜಾ ಆದೇಶ ಬಂತು, ತಪ್ಪು ಒಪ್ಪಿಕೊಂಡಿರುವುದರಿಂದ ವಿಚಾರಣೆ ಬೇಕಿಲ್ಲ ಅಂತ ಅದರಲ್ಲಿದೆ. ಚಾರ್ಜ್‌ಶೀಟ್ ಅನ್ನೋದನ್ನು ಅವನು ಕಣ್ಣಿಂದಲೂ ನೋಡಿಲ್ಲ. ಮುಂದೇನು ಮಾಡೋದು?

ಯೂನಿಯನ್ ಕೆಲಸ ಮಾಡಿದವರು:
ಮೊದಲು ಒಂದು ಹೇಳಿ ಅಕ್ಕ, ಸರ್ಕಾರಿ ಬ್ಯಾಂಕಾ, ಖಾಸಗಿಯಾ, ಸಹಕಾರಿಯಾ? ತಮ್ಮ ಕ್ಲರ್ಕಾ, ಆಫೀಸರಾ? ಯಾವ ಬಾಗಿಲು ತಟ್ಟಬೇಕು ಅನ್ನೋದು ಇದರ ಮೇಲೇ ನಿಂತಿದೆ. ವಿಚಾರಣೆ ಇಲ್ಲದೆ ವಜಾ ಮಾಡಬಾರದು ಅನ್ನೋ ಸಂವಿಧಾನದ 311ನೇ ವಿಧಿ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಸರ್ಕಾರಿ ನೌಕರರಿಗೆ, ಸರ್ಕಾರಿ ಬ್ಯಾಂಕಿನವರಿಗೂ ಅದು ಬರೋದಿಲ್ಲ. ಬ್ಯಾಂಕ್ ಕ್ಲರ್ಕ್‌ಗಳಿಗೆ ಇರೋದು ಬ್ಯಾಂಕುಗಳ ಆಡಳಿತ ಮತ್ತು ಯೂನಿಯನ್‌ಗಳ ನಡುವಿನ ದ್ವಿಪಕ್ಷೀಯ ಒಪ್ಪಂದ, ಶಿಸ್ತು ಕ್ರಮದ್ದು 2002ರ ಏಪ್ರಿಲ್ 10ರದ್ದು. ಚಾರ್ಜ್‌ಶೀಟ್ ಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು, ವಿಚಾರಣೆ ನಡೆಸಬೇಕು, ಅಲ್ಲಿ ಯೂನಿಯನ್ ಪ್ರತಿನಿಧಿ ಜೊತೆಗಿರಬಹುದು, ಶಿಕ್ಷೆ ಕೊಡುವ ಮೊದಲು ಇನ್ನೊಮ್ಮೆ ಕೇಳಬೇಕು. ತಪ್ಪು ಒಪ್ಪಿಕೊಂಡರೆ ವಿಚಾರಣೆ ಬೇಡ ಅನ್ನೋದೂ ಅದರಲ್ಲಿ ಇದೆ, ಸುಳ್ಳಲ್ಲ. ಆದರೆ ಅದು ಆರೋಪ ಕೈಗೆ ಬಂದ ಮೇಲೆ, ಸ್ವಂತ ಮನಸ್ಸಿನಿಂದ ಒಪ್ಪಿಕೊಂಡರೆ. ರಾತ್ರಿ ಹತ್ತು ಗಂಟೆಗೆ ಮ್ಯಾನೇಜರ್ ಮುಂದೆ, ಚಾರ್ಜ್‌ಶೀಟೇ ಇಲ್ಲದೆ ಬರೆದ ಪತ್ರ ಆ ಲೆಕ್ಕಕ್ಕೆ ಬರುತ್ತಾ? ನಿಮ್ಮ ಇಡೀ ಕೇಸು ಇದೇ. ಆ ಪತ್ರ ಹೇಗೆ ಬರೆಸಿದರು, ಯಾರು ಯಾರು ಇದ್ದರು, ಎಷ್ಟು ಹೊತ್ತು ಕೂರಿಸಿದರು, ಎಲ್ಲ ಬರೆದು "ಆ ಹೇಳಿಕೆಯನ್ನು ಹಿಂದಕ್ಕೆ ಪಡೆದಿದ್ದೇನೆ" ಅಂತ ಇವತ್ತೇ ಸ್ಪೀಡ್ ಪೋಸ್ಟ್ ಮಾಡಿಸಿ. ರಸೀದಿ ಜೋಪಾನ. ಮೇಲ್ಮನವಿಗೆ ಆದೇಶ ಸಿಕ್ಕ ದಿನದಿಂದ 45 ದಿನ ಇದೆ.

ನಿವೃತ್ತ ಹೆಡ್ ಕ್ಯಾಷಿಯರ್, ಶಿರಸಿ ಕಡೆ:
ಸರಿಯಾಗಿ 4 ಲಕ್ಷ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್‌ಗೆ ಒಂದು ಬಂಡಲ್. 500ರ ಬಂಡಲ್ 5 ಲಕ್ಷ, 100ರ ಬಂಡಲ್ 1 ಲಕ್ಷ. ಒಂದರ ಬದಲು ಇನ್ನೊಂದು ಹೋದರೆ ವ್ಯತ್ಯಾಸ ಎಷ್ಟು, ನೀವೇ ಕಳೆಯಿರಿ. ಕದಿಯುವವನು ಇಷ್ಟು ಗುಂಡಾಗಿ ಕದಿಯೋದಿಲ್ಲ ಅಂತ ಹೇಳಲಾರೆ, ಆದರೆ ಆ ದಿನ ಬೇರೆ ಶಾಖೆಗೋ, ಕರೆನ್ಸಿ ಚೆಸ್ಟ್‌ಗೋ (ರಿಸರ್ವ್ ಬ್ಯಾಂಕಿನ ನೋಟು ಇಡುವ ಖಜಾನೆ), ಎಟಿಎಂಗೋ ನಗದು ಹೋಗಿದೆಯಾ, ಬಂಡಲ್ ಲೆಕ್ಕದಲ್ಲಿ ಯಾರಿಗಾದರೂ ಪೇಮೆಂಟ್ ಆಗಿದೆಯಾ ಅಂತ ಮೊದಲು ನೋಡಿ. ನನಗೇ ಒಮ್ಮೆ 40 ಸಾವಿರ ಕಡಿಮೆ ಬಂದಿತ್ತು, ಪ್ಯಾಕೆಟ್ ಅದಲುಬದಲು. ಊಟ ಸೇರಲಿಲ್ಲ. ಮಾರನೇ ದಿನ ಬಾಗಿಲು ತೆಗೆಯುವ ಹೊತ್ತಿಗೆ ಅಡಿಕೆ ಮಂಡಿಯ ಗುಮಾಸ್ತ, ಚೀಟಿ ಕೂಡ ಬಿಚ್ಚದ ಪ್ಯಾಕೆಟ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ನನಗೆ ಅದೃಷ್ಟ ಇತ್ತು, ಅಷ್ಟೇ. ಇನ್ನೊಂದು ಮಾತು, ಸ್ಟ್ರಾಂಗ್ ರೂಮಿನ ಬೀಗ ಇಬ್ಬರ ಕೈಯಲ್ಲಿರುತ್ತೆ. ಜಂಟಿ ಜವಾಬ್ದಾರಿ ಇದ್ದ ಇನ್ನೊಬ್ಬರಿಗೆ ಏನು ಕ್ರಮ ಆಯಿತು, ಕೇಳಿದ್ದೀರಾ?

ಲೇಬರ್ ಕೋರ್ಟ್ ನೋಡಿ ಬಂದವರು:
ಮೇಲಿನವರು ಧೈರ್ಯ ಕೊಟ್ಟಿದ್ದಾರೆ, ಒಳ್ಳೇದು. ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವಿಚಾರಣೆ ಮಾಡಿಲ್ಲ ಅಂದ ಮಾತ್ರಕ್ಕೆ ಕೆಲಸ ವಾಪಸ್ ಬರೋದಿಲ್ಲ. ನಮ್ಮ ಭಾವನ ಕೇಸಿನಲ್ಲಿ "ವಿಚಾರಣೆ ಆಗೇ ಇಲ್ಲ" ಅನ್ನೋದು ಮೊದಲ ವರ್ಷವೇ ತೀರ್ಮಾನ ಆಯಿತು, ಮನೆಯಲ್ಲಿ ಸಿಹಿ ಹಂಚಿದೆವು. ಆಮೇಲೆ ಬ್ಯಾಂಕಿನವರು, ಹಾಗಾದರೆ ಆರೋಪವನ್ನು ಇಲ್ಲೇ ಸಾಬೀತು ಮಾಡುತ್ತೇವೆ, ಅವಕಾಶ ಕೊಡಿ ಅಂದರು. ಕೊಟ್ಟರು. 1973ರ ಫೈರ್‌ಸ್ಟೋನ್ ಟೈರ್ ತೀರ್ಪಿನಲ್ಲೇ ಅದಕ್ಕೆ ದಾರಿ ಇದೆ. ವೌಚರ್, ಸ್ಕ್ರೋಲ್ (ದಿನದ ನಗದು ವ್ಯವಹಾರದ ಪಟ್ಟಿ), ಸಾಕ್ಷಿ ಎಲ್ಲ ತಂದರು, ನಮ್ಮ ಹತ್ತಿರ ಒಂದು ಕಾಗದವೂ ಇರಲಿಲ್ಲ. ಸೋತೆವು. ಅದಕ್ಕೇ ಹೇಳೋದು, ಈಗಿನಿಂದಲೇ ಕಾಗದ ಕೂಡಿಸಿ. ಆ ದಿನದ ಕ್ಯಾಷ್ ಸ್ಕ್ರೋಲ್, ಯಾವ ನೋಟು ಎಷ್ಟು ಅನ್ನೋ ರಿಜಿಸ್ಟರ್, ಕೀ ರಿಜಿಸ್ಟರ್, ಇವುಗಳ ನಕಲು ಬೇಕು ಅಂತ ಲಿಖಿತವಾಗಿ ಕೇಳಿ. ಕೊಡದಿದ್ದರೆ ಕೇಳಿದ್ದಕ್ಕಾದರೂ ದಾಖಲೆ ಇರುತ್ತೆ.

ಪೊಲೀಸ್ ಕಂಪ್ಲೇಂಟ್ ಆಗಿದೆಯಾ? ಠಾಣೆಯಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆ ಒಂದನ್ನೇ ಹಿಡಿದುಕೊಂಡು ವಜಾ ಮಾಡೋಕೆ ಆಗೋದಿಲ್ಲ ಅಂತ 2008ರಲ್ಲಿ ರೂಪ್ ಸಿಂಗ್ ನೇಗಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಬ್ಯಾಂಕ್ ಕೇಸೇ, ಡ್ರಾಫ್ಟ್ ಪುಸ್ತಕ ಕಳೆದದ್ದು. ವಕೀಲರಿಗೆ ತೋರಿಸಿ.

ಕೆಜಿಎಫ್‌ನಿಂದ:
ಸಸ್ಪೆನ್ಷನ್‌ನಲ್ಲಿದ್ದಾಗ ಜೀವನಾಧಾರ ಭತ್ಯೆ ಕೊಟ್ಟಿದ್ದಾರಾ? ಕೊಟ್ಟಿಲ್ಲ ಅಂದರೆ ಅದನ್ನೂ ಬರೆಯಿರಿ. ನಮ್ಮೂರಿನ ಗಣಿಯ ಸೆಕ್ಯುರಿಟಿ ಆಫೀಸರ್ ಪಾಲ್ ಆಂಟನಿ ಕೇಸು ಇದಕ್ಕೇ ಹೆಸರುವಾಸಿ. 1985ರಲ್ಲಿ ಮನೆ ಶೋಧಿಸಿ 4.5 ಗ್ರಾಂ ಚಿನ್ನದ ಉಂಡೆ ಸಿಕ್ಕಿತು ಅಂದರು. ಭತ್ಯೆ ಇಲ್ಲದೆ ಅವರು ಕೇರಳದ ಊರಿಂದ ವಿಚಾರಣೆಗೆ ಬರೋಕೆ ಆಗಲಿಲ್ಲ, ಅವರಿಲ್ಲದೆಯೇ ಮುಗಿಸಿ ವಜಾ ಮಾಡಿದರು. ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದರು, ಆದರೆ ಅದು 1999ರಲ್ಲಿ. ವರ್ಷ ಎಣಿಸಿಕೊಳ್ಳಿ.

ಸಹಕಾರಿ ಬ್ಯಾಂಕ್ ನೌಕರ:
ಇದನ್ನು ಓದುವ ನಮ್ಮವರಿಗೆ ಮಾತ್ರ: ನಾವು ಲೇಬರ್ ಕೋರ್ಟ್‌ಗೆ ಹೋದರೆ ವರ್ಷಗಟ್ಟಲೆ ಸುತ್ತಿಸಿ "ಇದು ಇಲ್ಲಿಗೆ ಬರೋದಿಲ್ಲ" ಅನ್ನುತ್ತಾರೆ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ ಸಹಕಾರ ಇಲಾಖೆಯಲ್ಲೇ ದಾವೆ ಹಾಕಬೇಕು. ನಾನು ಆ ತಪ್ಪು ಮಾಡಿ ಮೂರು ವರ್ಷ ಕಳೆದುಕೊಂಡೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಸರ್ಕಾರಿ ಬ್ಯಾಂಕ್, ತಮ್ಮ ಕ್ಲರ್ಕ್. ಪೊಲೀಸ್ ದೂರು ಇಲ್ಲ. ಭತ್ಯೆ ಒಂದು ತಿಂಗಳದ್ದು ಮಾತ್ರ ಬಂದಿದೆ. ಶಿರಸಿಯ ಸಾರ್ ಹೇಳಿದ್ದನ್ನು ಓದಿ ಹೇಳಿದೆ, ಎದ್ದು ಕೂತ. ಆ ದಿನ ಮಧ್ಯಾಹ್ನ ಪಕ್ಕದ ಶಾಖೆಗೆ ನಗದು ಕಳಿಸಿದ್ದರಂತೆ, ಪೆಟ್ಟಿಗೆ ತುಂಬುವಾಗ ಇವನು ಊಟಕ್ಕೆ ಹೋಗಿದ್ದನಂತೆ. ಇಷ್ಟು ದಿನ ನಮಗೇ ಹೇಳಿರಲಿಲ್ಲ.

ಯೂನಿಯನ್ ಕೆಲಸ ಮಾಡಿದವರು:
ಹಾಗಾದರೆ ಮೇಲ್ಮನವಿ ಹಾಕಿ, ಅದು ಆಗದಿದ್ದರೆ ಕೇಂದ್ರದ ಲೇಬರ್ ಕಮಿಷನರ್ ಕಚೇರಿ, ಬೆಂಗಳೂರಿನಲ್ಲಾದರೆ ಯಶವಂತಪುರದ ಶ್ರಮ ಸದನ. ರಾಜ್ಯದ ಲೇಬರ್ ಆಫೀಸಿಗೆ ಹೋಗಿ ದಿನ ಹಾಳು ಮಾಡಬೇಡಿ. ಅದಿರಲಿ, ಘಟನೆ ಆಗಿ ಎಷ್ಟು ದಿನ ಆಯಿತು? ಸಿಸಿಟಿವಿ ದೃಶ್ಯ ಸುಮಾರು ಮೂರು ತಿಂಗಳಿಗೆಲ್ಲ ಅಳಿಸಿ ಹೋಗುತ್ತೆ. ಅದನ್ನು ಉಳಿಸಿಡಿ ಅಂತ ಎರಡೂ ಶಾಖೆಗೆ ಪತ್ರ ಹಾಕಿದ್ದೀರಾ?

ಕೇಳಿದವರು:
ಇವತ್ತಿಗೆ 71 ದಿನ. ಹಾಕಿಲ್ಲ ಸಾರ್. ಅವನು ಬರೆಯುತ್ತಿದ್ದಾನೆ, ಈಗಲೇ ಪೋಸ್ಟ್ ಆಫೀಸಿಗೆ ಹೊರಟೆವು.