ಎರಡು ನಾಣ್ಯ, ಮೂರು ಫಲಿತ: ಮಗಳ ಉತ್ತರ 1/3 ಯಾಕ ತಪ್ಪು?

ಗಂಗಾವತಿ ಟೇಲರ್:
ನಾನು ಗಂಗಾವತಿಯಾಗ ಟೇಲರ್ ಅಂಗಡಿ ಇಟ್ಕೊಂಡೀನಿ, ಕಲ್ತಿದ್ದು ಏಳನೇತ್ತ ತನಕ ಅಷ್ಟ. ಮಗಳು ಎಸ್ಸೆಸ್ಸೆಲ್ಸಿ. ಕಿರುಪರೀಕ್ಷೆಯಾಗ ಒಂದು ಲೆಕ್ಕ: ಎರಡು ನಾಣ್ಯ ಒಟ್ಟಿಗೆ ಚಿಮ್ಮಿದರೆ ಒಂದೇ ಒಂದು ಶಿರ ಬೀಳುವ ಸಂಭವನೀಯತೆ ಎಷ್ಟು? ಎರಡೂ ಶಿರ, ಎರಡೂ ಪುಚ್ಛ, ಒಂದೊಂದು, ಹಿಂಗ ಮೂರೇ ಅದಾವ ಅಂತ ಆಕಿ 1/3 ಬರದಾಳ. ಕೆಂಪು ಗೆರಿ ಎಳದು ಮಗ್ಗುಲಕ್ಕ 1/2 ಅಂತ ಹಾಕ್ಯಾರ. ಯಾಕಂತ ಇಲ್ಲ. ನನಗೂ ಆಕಿದೇ ಖರೆ ಅನಸ್ತೈತಿ. ತಿಳದವರು ಹೇಳ್ರಿ.

ಬಳ್ಳಾರಿ ಬಿ.ಎಡ್.:
ಸುಲಭ ಸರ್. ಅನುಕೂಲಕರ (ಅಂದರೆ ನಮಗೆ ಬೇಕಾದ) ಫಲಿತಗಳನ್ನ ಒಟ್ಟು ಫಲಿತಗಳಿಂದ ಭಾಗಿಸಿ. ಶಿಶಿ, ಶಿಪು, ಪುಶಿ, ಪುಪು. 2/4. ಬಾಯಿಪಾಠ ಮಾಡಿಸಿ, ಪರೀಕ್ಷೆಗೆ ಸಾಕು.

ಗಂಗಾವತಿ ಟೇಲರ್:
ಶಿಪು, ಪುಶಿ ಎರಡೂ ಒಂದ ಅಲ್ಲೇನ್ರಿ? ಅಲ್ಲೇ ಸಿಕ್ಕೊಂಡೀವಿ.

ಲಿಂಗಸುಗೂರು ಮಾಸ್ತರ (ನಿವೃತ್ತ):
ಬಾಯಿಪಾಠ ಬ್ಯಾಡ ಅಣ್ಣಾರ. ಒಂದು ಐದು ರೂಪಾಯಿ, ಒಂದು ಎರಡು ರೂಪಾಯಿ ತಗೋರಿ. ಐದರದ್ದು ಶಿರ, ಎರಡರದ್ದು ಪುಚ್ಛ ಬೀಳೂದು ಒಂದು. ಐದರದ್ದು ಪುಚ್ಛ, ಎರಡರದ್ದು ಶಿರ ಬೀಳೂದು ಬ್ಯಾರೆ. ನಾಣ್ಯ ಎರಡೂ ಒಂದೇ ಥರ ಇದ್ದರ ನಮಗ ಗುರ್ತು ಸಿಗೂದಿಲ್ಲ, ಅಷ್ಟ.

ಮಗಳು ಎಣಿಸಿದ್ದು ತಪ್ಪಲ್ಲ, ಮೂರೂ ಸಮಸಮ ಅಂತ ತಿಳಕೊಂಡದ್ದು ತಪ್ಪು. ಭಾಗಿಸೋ ಸೂತ್ರ ನಡೆಯೂದು ಎಲ್ಲ ಫಲಿತಕ್ಕೂ ಸಮ ಸಾಧ್ಯತೆ ಇದ್ದಾಗ ಮಾತ್ರ. ನಾಳೆ ಮಳಿ ಬರ್ತದ ಇಲ್ಲಾ ಬರೂದಿಲ್ಲ, ಎರಡೇ ಫಲಿತ. ಹಂಗಂತ ಏಪ್ರಿಲ್‌ದಾಗ ರಾಯಚೂರಿನ ಮಳಿಗೆ 1/2 ಅಂತೀರೇನು?

ಆಕಿಗೆ ಬೈಬ್ಯಾಡ್ರಿ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ 1754ರಾಗ ವಿಶ್ವಕೋಶಕ್ಕ ಬರದ ಲೇಖನದಾಗ ಹಿಂಗ ಎಡವ್ಯಾನ. ಎರಡು ಸಲ ಚಿಮ್ಮಿದರ ಒಮ್ಮೆಯಾದರೂ ಶಿರ ಬೀಳಲಿಕ್ಕೆ 2/3 ಅಂದ: ಮೊದಲನೇ ಸಲಕ್ಕ ಶಿರ, ಎರಡನೇ ಸಲಕ್ಕ ಶಿರ, ಎರಡೂ ಸಲ ಪುಚ್ಛ, ಈ ಮೂರೂ ಸಮ ಅಂತ ಹಿಡದ. ಸರಿ ಉತ್ತರ 3/4.

ಮನ್ಯಾಗ ಚೌಕಾಬಾರ ಆಡ್ತೀರಲ್ಲ? ಹುಣಸಿ ಬೀಜ ನಾಕು ತಗೊಂಡು ಒಂದು ಮಗ್ಗುಲ ಕಲ್ಲಿಗೆ ತಿಕ್ಕಿ ಬೆಳ್ಳಗ ಮಾಡ್ರಿ. ಒಂದೊಂದು ಬೀಜಕ್ಕ ಎರಡು ಮಗ್ಗುಲ, ಒಟ್ಟು 16 ಫಲಿತ. ಎರಡು ಬಿಳೇದು ಬೀಳಲಿಕ್ಕೆ 6 ದಾರಿ, ಒಂದಕ್ಕ 4, ಮೂರಕ್ಕ 4. ನಾಕೂ ಬಿಳೇದಾದರ ಚೌಕ, ಅದಕ್ಕ ಒಂದೇ ದಾರಿ. ನಾಕೂ ಕರೇದಾದರ ಎಂಟು, ಅದಕ್ಕೂ ಒಂದೇ. ನಮ್ಮ ಹಿರೇರು ಎಂಟಕ್ಕ ಯಾಕ ಕಾಯ್ತಿದ್ದರು ಅಂತ ಈಗ ತಿಳೀತಲ್ಲ! ಆದರ ಬೀಜ ನಾಣ್ಯದಂಗ ನೇಟಾಗಿ ಇರೂದಿಲ್ಲ, ಒಂದು ಮಗ್ಗುಲ ಉಬ್ಬಿರ್ತದ. ನೂರು ಸಲ ಹಾಕಿ ಬರದು ನೋಡ್ರಿ. ಪುಸ್ತಕದಾಗ ಪ್ರಾಯೋಗಿಕ ಸಂಭವನೀಯತೆ ಅಂತಾರಲ್ಲ, ಅದೇ ಇದು.

ಗಂಗಾವತಿ ಟೇಲರ್:
ಮಾಸ್ತರ, ಬೀಜಕ್ಕಿಂತ ಮೊದಲ ಎರಡೂ ನಾಣ್ಯ ಚಿಮ್ಮಿದಿವಿ, ನೂರು ಸಲ. ಅಳತಿ ಬರಿಯೋ ಪುಸ್ತಕದಾಗ ಗೆರಿ ಎಳಕೊಂತ ಹ್ವಾದ್ಲು: ಒಂದೊಂದು 53, ಎರಡೂ ಶಿರ 22, ಎರಡೂ ಪುಚ್ಛ 25. ಐವತ್ತು ದಾಟೂದ್ರಾಗ ಆಕಿನ ‘ಅಪ್ಪಾ, ಇದು ಮೂರರಾಗ ಒಂದಲ್ಲ ಬಿಡು’ ಅಂದ್ಲು.

ಬೀಜ ತಿಕ್ಕೂದು ನಡದೈತಿ. ನಮ್ಮವ್ವ ಮಾತ್ರ 16 ಒಪ್ಪವಲ್ಲಳು. ಕೈಯಾಗ ಕುಲುಕೋದು ಗೊತ್ತಿದ್ದರ ಎಂಟು ಬೇಕಂದಾಗ ಬೀಳ್ತಾವ ಅಂತ ಕುಂತಾಳ.